ಚಿಕ್ಕಮ್ಮನ ಬಗ್ಗೆ ಐದು ನಿಮಿಷ ಏನು ಮಾತಾಡಲಿ?

ಪ್ರಶ್ನೆ: ನನ್ನ ಚಿಕ್ಕಮ್ಮ ತೀರಿಹೋಗಿ ಮುಂದಿನ ತಿಂಗಳಿಗೆ ಒಂದು ವರ್ಷ. ಶಂಕರಪುರದ ಹತ್ತಿರ ಅವರ ಮಲ್ಲಿಗೆ ತೋಟ. ಚಿಕ್ಕಪ್ಪ ಹೋದಾಗ ಅವರಿಗೆ 38 ವರ್ಷ, ಎರಡು ಸಣ್ಣ ಮಕ್ಕಳು. ಹೂ ಕಟ್ಟಿಯೇ ಇಬ್ಬರನ್ನೂ ಓದಿಸಿದರು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಬಸ್ಸಿನ ಕಂಡಕ್ಟರಿಂದ ಹಿಡಿದು ಕರೆಂಟ್ ಬಿಲ್ಲಿನವರ ತನಕ ಎಲ್ಲರಿಗೂ ತುಳುವಿನಲ್ಲಿ 'ಒಣಸ್ ಆಂಡಾ?' (ಊಟ ಆಯಿತಾ?) ಅಂತ ಕೇಳದೆ ಬಿಡುತ್ತಿರಲಿಲ್ಲ. ಗಂಡ ಹೋದ ಮೇಲೆ ಹೂ ಮುಡಿಯಬಾರದು ಅಂತ ಹಿರಿಯರು ಹೇಳಿದ್ದರು. ಒಂದು ವರ್ಷ ಸುಮ್ಮನಿದ್ದರು. ಆಮೇಲೆ ಒಂದು ಬೆಳಿಗ್ಗೆ, ಕಟ್ಟಿಟ್ಟ ಹೂವಲ್ಲಿ ಒಂದು ಗೇಣು ಕತ್ತರಿಸಿ ಮುಡಿದು ಬಸ್ಸು ಹತ್ತಿಯೇಬಿಟ್ಟರು. 'ಕಟ್ಟಿದ್ದು ನಾನು, ಮುಡಿದರೆ ಯಾರಿಗೆ ನಷ್ಟ?' ಅಂದರಂತೆ.

ಉತ್ತರಕ್ರಿಯೆಯ ದಿನ ನುಡಿನಮನಕ್ಕೆ ನನ್ನ ಹೆಸರು ಕರೆದರು. ಗಂಟಲು ಕಟ್ಟಿತು, ಏಳಲೇ ಇಲ್ಲ. ಅವರ ಪರಿಚಯವೇ ಇಲ್ಲದ ಒಬ್ಬರು ಎದ್ದು 'ಸರಳ ಸಜ್ಜನಿಕೆಯ ಮೃದುಭಾಷಿ' ಅಂತ ಮುಗಿಸಿದರು. ಮೃದುಭಾಷಿಯಂತೆ! ಈಗ ವರ್ಷಾಂತಿಕಕ್ಕೆ ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಹೂ ಮುಡಿದ ವಿಷಯ ಮಾತ್ರ ಎತ್ತಬೇಡ ಅನ್ನುತ್ತಾರೆ ಅಪ್ಪ. ಏನು ಹೇಳಲಿ?
– ಹೆಸರು ಹಾಕಬೇಡಿ, ಕಟಪಾಡಿ

ಉತ್ತರ: ಮಾರಾಯ್ರೇ, ನಿಮ್ಮ ಪತ್ರವನ್ನೇ ಓದಿದರೂ ಅರ್ಧ ಕೆಲಸ ಆಯಿತು. ಆ 'ಮೃದುಭಾಷಿ'ಯಿಂದಲೇ ಶುರು ಮಾಡಿ. 'ಹೋದ ವರ್ಷ ಇಲ್ಲಿ ಚಿಕ್ಕಮ್ಮನನ್ನು ಮೃದುಭಾಷಿ ಅಂದರು' ಅಂತ ಹೇಳಿ ಒಂದು ಕ್ಷಣ ಸುಮ್ಮನೆ ನಿಲ್ಲಿ. ಅವರನ್ನು ಬಲ್ಲವರು ನಗುತ್ತಾರೆ. ನಗಲಿ ಬಿಡಿ. ನುಡಿನಮನ ಅಂದರೆ ಮುಖ ಗಂಟು ಹಾಕಿಕೊಂಡೇ ಕೂರಬೇಕು ಅಂತ ಯಾರು ಹೇಳಿದ್ದು?

ನನ್ನದೇ ಒಂದು ಕತೆ ಇದೆ. ಮಂಗಳೂರಿನಲ್ಲಿ ನನ್ನ ಭಾವನ ಉತ್ತರಕ್ರಿಯೆಗೆ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ, ಒಳ್ಳೆ ಭಾರದ ಕನ್ನಡದಲ್ಲಿ. ಗಂಟೆ ಹನ್ನೆರಡೂವರೆ. ಅಡುಗೆ ಕಡೆಯಿಂದ ಸಾರಿನ ಒಗ್ಗರಣೆ ಪರಿಮಳ. ಮೂರನೇ ಪುಟಕ್ಕೆ ಬರುವಾಗ ಹಿಂದಿನ ಸಾಲು ಖಾಲಿ. ಆಮೇಲೆ ಅಕ್ಕ ಕೇಳಿದ್ದು ಒಂದೇ, 'ಅವರು ಸ್ಕೂಟರಿಗೆ ಬೈಯುತ್ತಿದ್ದದ್ದನ್ನು ಯಾಕೆ ಹೇಳಲಿಲ್ಲ ನೀನು?'

ಹಾಗಾಗಿ ತುಳುವಿನಲ್ಲೇ ಮಾತಾಡಿ. 'ಊಟ ಆಯಿತೇ?' ಅಂದರೆ ಅದು ಯಾರೋ ಬೇರೆ ಹೆಂಗಸು, ನಿಮ್ಮ ಚಿಕ್ಕಮ್ಮ ಅಲ್ಲ. ಹೂವಿನ ಮಾತನ್ನು ನನಗೆ ಕನ್ನಡದಲ್ಲಿ ಬರೆದಿದ್ದೀರಿ, ಅವರು ಹೇಳಿದ್ದು ತುಳುವಿನಲ್ಲೇ ಇರಬೇಕು, ಅಲ್ವಾ? ಅದು ಹೇಗಿತ್ತೋ ಹಾಗೇ ಬರಲಿ.

'ಕಷ್ಟಪಟ್ಟು ಮಕ್ಕಳನ್ನು ಓದಿಸಿದರು' ಅನ್ನುವುದು ದಿನಾ ಪೇಪರಿನ ಶ್ರದ್ಧಾಂಜಲಿಯಲ್ಲಿ ಬರುತ್ತದೆ, ಯಾರ ಕಿವಿಗೂ ಹೋಗುವುದಿಲ್ಲ. ಲೆಕ್ಕ ಹೇಳಿ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200 ಮೊಗ್ಗು. ಒಂದೊಂದನ್ನೂ ಅರಳುವ ಮೊದಲೇ ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಆವತ್ತು ರೇಟು ಇದ್ದರೆ ಇತ್ತು, ಬಿದ್ದರೆ ಬಿತ್ತು. ಹಾಗೆ ದಿನಕ್ಕೆ ಎಷ್ಟು ಕಟ್ಟುತ್ತಿದ್ದರು, ನಾರು ಎಲ್ಲಿ ನೆನೆಸಿಡುತ್ತಿದ್ದರು, ಮಳೆಗಾಲದಲ್ಲಿ ಹೂ ಕಡಿಮೆಯಾದಾಗ ಫೀಸಿಗೆ ಏನು ಮಾಡಿದರು ಅಂತ ಅವರ ಮಕ್ಕಳನ್ನು ಕೂರಿಸಿ ಕೇಳಿ.

ಇನ್ನೊಂದು. 2020ರ ಲಾಕ್‌ಡೌನ್ ನಿಮ್ಮ ಪತ್ರದಲ್ಲಿ ಇಲ್ಲ. ಮಾರ್ಚಿನಿಂದ ಮೇ ತನಕ ಮಲ್ಲಿಗೆ ಜಾಸ್ತಿ ಬಿಡುವ ಕಾಲ. ಸರಿಯಾಗಿ ಆಗಲೇ ಮದುವೆ ನಿಂತವು, ದೇವಸ್ಥಾನ ಮುಚ್ಚಿದವು, ಕೊಳ್ಳುವವರೇ ಇಲ್ಲ. ಗಿಡಕ್ಕೆ ಅದೆಲ್ಲ ಗೊತ್ತಾಗುವುದಿಲ್ಲವಲ್ಲ, ಅದು ಬಿಡುತ್ತಲೇ ಇತ್ತು. ಆ ಬೆಳಿಗ್ಗೆಗಳಲ್ಲಿ ಅವರು ಎದ್ದು ಏನು ಮಾಡಿದರು? ಕೊಯ್ದರಾ, ಬಿಟ್ಟರಾ, ಕಟ್ಟಿ ಯಾರಿಗಾದರೂ ಕೊಟ್ಟರಾ? ನಿಮ್ಮ ಚಿಕ್ಕಮ್ಮ ಕೈಕಟ್ಟಿ ಕೂತಿರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಇನ್ನು ಅಪ್ಪನ ಮಾತು. ಅವರದೂ ತಪ್ಪಲ್ಲ. 'ಮುಡಿಯಬೇಡ' ಅಂದ ಹಿರಿಯರಲ್ಲಿ ಒಬ್ಬಿಬ್ಬರು ಆವತ್ತು ಮುಂದಿನ ಕುರ್ಚಿಯಲ್ಲೇ ಇರಬಹುದು, ಅದೇ ಅವರ ಹೆದರಿಕೆ. ಯಾರು ಹೇಳಿದರು ಅನ್ನುವುದನ್ನು ಬಿಟ್ಟುಬಿಡಿ. ಸಂಪ್ರದಾಯದ ಬಗ್ಗೆ ಭಾಷಣವೂ ಬೇಡ. ಗೇಣುದ್ದ ಹೂವು, ಬಸ್ಸು, ಆ ಒಂದು ಮಾತು, ಅಷ್ಟೇ ಸಾಕು. ಆದರೆ ಮೊದಲು ಅವರ ಮಕ್ಕಳನ್ನು ಕೇಳಿ, ಅವರು ಹೂಂ ಅಂದರೆ ಅಪ್ಪನಿಗೆ ನಾನು ಹೇಳಿದೆ ಅನ್ನಿ, ಬೈಗುಳ ನನಗೆ ಬರಲಿ. ಮಕ್ಕಳು ಬೇಡ ಅಂದರೆ ಬೇಡ.

ಫೋಟೋಗೆ ಪೇಟೆಯ ಹಾರ ತರಬೇಡಿ. ಅವರ ಗಿಡಗಳಲ್ಲಿ ಇನ್ನೂ ಹೂ ಇದ್ದರೆ ನೀವೇ ಕಟ್ಟಿ, ಸೊಟ್ಟಗಾದರೆ ಆಗಲಿ.

ಗಂಟಲು ಈ ಸಲವೂ ಕಟ್ಟಬಹುದು. ಆಗ ಕಷ್ಟಪಟ್ಟು ಎಳೆಯಲು ಹೋಗಬೇಡಿ. ಸಭೆಗೆ 'ಒಣಸ್ ಆಂಡಾ?' ಅಂತ ಕೇಳಿ ಇಳಿದುಬಿಡಿ. ಊಟಕ್ಕೆ ಮುಂಚೆ ತಾನೇ ಈ ಕಾರ್ಯಕ್ರಮ, ಎಲ್ಲರೂ 'ಇಲ್ಲ' ಅಂತಲೇ ಹೇಳುತ್ತಾರೆ.