ಹಳೇ ಡಚ್ ಕಾವ್ಯ ‘ಜರ್ಮಾನಿಕುಸ್’ ಯಾರ ಬಗ್ಗೆ? ಅದರ ಚಿತ್ರಗಳು ಹಳೆಯವೇ ಅಂತ ತಿಳಿಯೋದು ಹೇಗೆ?

ಇದು 1779ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಮಹಾಕಾವ್ಯ. ಬರೆದವರು ಲುಕ್ರೇಷಿಯಾ ವಿಲ್ಹೆಲ್ಮಿನಾ ಫಾನ್ ಮೆರ್ಕೆನ್. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಯುದ್ಧದ ಕಥೆಯನ್ನು 16 ಸರ್ಗಗಳಲ್ಲಿ ಬರೆದದ್ದು ಸುಮ್ನೆ ಮಾತಲ್ಲ! ನಾಯಕ ರೋಮನ್ ಸೇನಾಪತಿ ಜರ್ಮಾನಿಕುಸ್. ಕ್ರಿ.ಶ. 9ರಲ್ಲಿ ಈಗಿನ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮಿನ ಮೂರು ಲೀಜನ್‌ಗಳು (ಸಾವಿರಾರು ಸೈನಿಕರ ಸೇನಾದಳಗಳು) ನಾಶವಾದವು ಅಲ್ವಾ, ಆರು ವರ್ಷ ಆದಮೇಲೆ ಅಲ್ಲಿಗೇ ಹೋಗಿ, ಯಾರದ್ದು ಅಂತ ಗುರುತು ಸಿಗದ ಮೂಳೆಗಳನ್ನೆಲ್ಲ ಮಣ್ಣು ಮಾಡಿಸಿದವನು ಇವನೇ. ಮೊದಲ ಮಣ್ಣಿನ ಹೆಂಟೆಯನ್ನು ತಾನೇ ಇಟ್ಟ ಅಂತ ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ಓದುವಾಗ ಗಂಟಲು ಕಟ್ಟುತ್ತದೆ.

ಇನ್ನು ಚಿತ್ರಗಳು. ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ್ದಾದರೆ, ಹಾಳೆಯ ಅಂಚು ಜಾಸ್ತಿ ಕತ್ತರಿಸಿಲ್ಲದಿದ್ದರೆ, ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಗೆರೆ ಬೆರಳಿಗೆ ಸಿಗುತ್ತದೆ. ಭೂತಗನ್ನಡಿಯಲ್ಲಿ ಹೆಚ್ಚಾಗಿ ಗೆರೆಗಳೇ ಕಾಣಬೇಕು. ಒಂದೇ ಅಂತರದಲ್ಲಿ ಜೋಡಿಸಿದಂತೆ ಚುಕ್ಕಿಗಳ ಸಾಲು ಕಂಡರೆ ಅದು ಈಚಿನ ಅಚ್ಚು.