ಮನೆ ಯಾವ ಊರಲ್ಲಿ? ಮೊದಲು ಮಗಳು ಯಾವ ತರಗತಿಗೆ ಎಂದು ಕೇಳಿ

ಪ್ರಶ್ನೆ: ನನ್ನ ಗಂಡನಿಗೆ ಬೆಂಗಳೂರಿನ ಕಚೇರಿಯಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ರೆನ್ನಿಂಗನ್‌ಗೆ ವರ್ಗವಾಗಿದೆ. ಸದ್ಯಕ್ಕೆ ಮೂರು ವರ್ಷ, ಮುಂದುವರಿಯಲೂಬಹುದು. ಆಗಸ್ಟ್‌ನಲ್ಲಿ ಹೊರಡಬೇಕು. ಮಗಳಿಗೆ ಒಂಬತ್ತೂವರೆ, ನಾಲ್ಕನೇ ತರಗತಿ ಮುಗಿಸಿದ್ದಾಳೆ. ಮಗನಿಗೆ ಮಾರ್ಚ್‌ನಲ್ಲಿ ಐದು ತುಂಬಿತು. ನಮ್ಮವರು ಹೆಚ್ಚಿರುವ ಬೋಬ್ಲಿಂಗನ್‌ನಲ್ಲೇ ಮನೆ ಮಾಡಿ ಎಂದು ಗಂಡನ ಸಹೋದ್ಯೋಗಿಗಳು ಹೇಳುತ್ತಾರೆ. ಸ್ಟುಟ್‌ಗಾರ್ಟ್ ನಗರದಲ್ಲಿದ್ದು ಇಂಟರ್‌ನ್ಯಾಷನಲ್ ಶಾಲೆಗೆ ಹಾಕಿ, ಇಲ್ಲವಾದರೆ ಮನೆಯಲ್ಲೇ ಆನ್‌ಲೈನ್ ಸಿಬಿಎಸ್‌ಇ ಓದಿಸಿ ಎಂಬುದು ನನ್ನ ಅಣ್ಣನ ಸಲಹೆ. ಮಗಳು ರಾತ್ರಿ ಮಲಗುವಾಗ ಒಂದೇ ಕೇಳುತ್ತಾಳೆ: ‘ಅಲ್ಲಿ ನಂಗೆ ಫ್ರೆಂಡ್ಸ್ ಸಿಗ್ತಾರಾ ಅಮ್ಮ?’ ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಆನ್‌ಲೈನ್ ಸಿಬಿಎಸ್‌ಇ ಆಲೋಚನೆಯನ್ನು ಬಿಟ್ಟುಬಿಡಿ. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು. ಮನೆಯಲ್ಲಿ ಕೂರಿಸಿ ಓದಿಸಲು ಕಾನೂನು ಬಿಡುವುದಿಲ್ಲ.

ಇನ್ನು ಊರಿನ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಗಳ ವಯಸ್ಸು. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಪ್ರಾಥಮಿಕ ಶಾಲೆ, ಅಂದರೆ ಗ್ರುಂಡ್‌ಶೂಲೆ, ನಾಲ್ಕೇ ವರ್ಷ. ನಾಲ್ಕನೇ ತರಗತಿ ಮುಗಿಯುತ್ತಿದ್ದಂತೆ ಮಕ್ಕಳು ಗಿಮ್ನಾಸಿಯುಮ್ (ವಿಶ್ವವಿದ್ಯಾಲಯದ ಓದಿಗೆ ಸಿದ್ಧಮಾಡುವ ಶಾಲೆ), ರಿಯಾಲ್‌ಶೂಲೆ (ಹತ್ತನೇ ತರಗತಿವರೆಗಿನ ಶಾಲೆ), ಗೆಮೈನ್‌ಶಾಫ್ಟ್ಸ್‌ಶೂಲೆ (ಎಲ್ಲ ಮಟ್ಟದ ಮಕ್ಕಳೂ ಒಟ್ಟಿಗೆ ಓದುವ ಶಾಲೆ) ಎಂದು ಬೇರೆ ಬೇರೆ ದಾರಿ ಹಿಡಿಯುತ್ತಾರೆ. 2024–25ರ ಶಾಲಾ ವರ್ಷದಿಂದ ಇಲ್ಲಿ ಗಿಮ್ನಾಸಿಯುಮ್ ಸೇರುವ ನಿಯಮ ಮತ್ತೆ ಬಿಗಿಯಾಗಿದೆ. ಶಿಕ್ಷಕರ ಶಿಫಾರಸು ಇರಬೇಕು, ಇಲ್ಲವೇ ನಾಲ್ಕನೇ ತರಗತಿಯ ನವೆಂಬರ್‌ನಲ್ಲಿ ಜರ್ಮನ್ ಮತ್ತು ಗಣಿತದಲ್ಲಿ ನಡೆಯುವ ‘ಕೊಂಪಾಸ್ 4’ ಪರೀಕ್ಷೆಯ ಫಲಿತಾಂಶ ಸಾಕಷ್ಟು ಇರಬೇಕು. ಎರಡೂ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಬರೆಯಬೇಕು.

ಈಗ ನಿಮ್ಮ ಲೆಕ್ಕ ಹಾಕಿ ನೋಡಿ. ವಯಸ್ಸಿನ ಪ್ರಕಾರ ನಿಮ್ಮ ಮಗಳು ಇಲ್ಲಿ ಸೆಪ್ಟೆಂಬರ್‌ಗೆ ನೇರವಾಗಿ ನಾಲ್ಕನೇ ತರಗತಿ. ವಿಮಾನ ಇಳಿದ ಮೂರೇ ತಿಂಗಳಲ್ಲಿ, ‘ನೀರು ಬೇಕು’ ಎಂದು ಕೇಳಲೂ ತಡವರಿಸುವ ಹೊತ್ತಿನಲ್ಲಿ, ಜರ್ಮನ್ ಭಾಷೆಯ ಪರೀಕ್ಷೆ ಅವಳ ಮುಂದೆ ಇರುತ್ತದೆ. ಜಾಣ ಮಕ್ಕಳು ಈ ಒಂದು ವರ್ಷದಲ್ಲಿ ‘ನನಗೆ ಓದು ಬರಲ್ಲ’ ಎಂದು ನಂಬಿಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾಗಿ ಊರಿನ ಆಯ್ಕೆ ಇಲ್ಲಿಂದ ಶುರುವಾಗಲಿ: ಹೊಸದಾಗಿ ಬಂದ ಮಕ್ಕಳಿಗೆ ಜರ್ಮನ್ ಕಲಿಸುವ ಸಿದ್ಧತಾ ತರಗತಿ ಯಾವ ಊರಿನ, ಯಾವ ಶಾಲೆಯಲ್ಲಿದೆ? ಇದನ್ನು ಫೋರ್‌ಬೆರೈಟುಂಗ್ಸ್‌ಕ್ಲಾಸೆ ಎನ್ನುತ್ತಾರೆ. ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ. ಜೊತೆಗೆ, ಮಗಳನ್ನು ಒಂದು ವರ್ಷ ಹಿಂದಕ್ಕೆ, ಮೂರನೇ ತರಗತಿಗೆ ಸೇರಿಸಿಕೊಳ್ಳುತ್ತೀರಾ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ‘ಐದು ಓದಬೇಕಾದವಳು ಮೂರಕ್ಕಾ?’ ಎಂದು ಊರಲ್ಲಿ ಅಜ್ಜಿ-ತಾತ ಬೇಸರ ಮಾಡಿಕೊಳ್ಳಬಹುದು. ಆದರೆ ಆ ಒಂದು ವರ್ಷ ಅವಳ ಬಾಯಿಗೆ ಭಾಷೆ ಕೊಡುತ್ತದೆ. ಅಕಸ್ಮಾತ್ ಗಿಮ್ನಾಸಿಯುಮ್ ಸಿಗದಿದ್ದರೂ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ರಿಯಾಲ್‌ಶೂಲೆ ಚೆನ್ನಾಗಿ ಮುಗಿಸಿ, ಮೂರು ವರ್ಷದ ವೃತ್ತಿಪರ ಗಿಮ್ನಾಸಿಯುಮ್ ಸೇರಿ, ವಿಶ್ವವಿದ್ಯಾಲಯಕ್ಕೆ ಬೇಕಾದ ಆಬಿಟುರ್ ಪಡೆಯುವವರು ಬಹಳ ಮಂದಿ.

ಸರ್ಕಾರಿ ಗ್ರುಂಡ್‌ಶೂಲೆಯನ್ನು ಸಾಮಾನ್ಯವಾಗಿ ನಾವು ಆರಿಸುವುದಿಲ್ಲ, ನಮ್ಮ ವಿಳಾಸ ಆರಿಸುತ್ತದೆ. ಯಾವ ಬೀದಿಗೆ ಯಾವ ಶಾಲೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ; ನಾವೂ ಎಡವಿದ್ದೆವು. ಕಂಪನಿಯವರು ಮೊದಲ ಎರಡು ತಿಂಗಳಿಗೆ ನಗರದ ನಡುವೆ ಫ್ಲಾಟ್ ಕೊಟ್ಟಿದ್ದರು. ಆ ವಿಳಾಸದ ಮೇಲೆ ಮಗಳು ಒಂದು ಶಾಲೆಗೆ ಸೇರಿದಳು. ಒಬ್ಬ ಗೆಳತಿ ಸಿಕ್ಕಳು ಅನ್ನುವಷ್ಟರಲ್ಲಿ ಸ್ವಂತ ಬಾಡಿಗೆ ಮನೆ ಬೇರೆ ಊರಲ್ಲಿ ಸಿಕ್ಕಿತು, ಮತ್ತೆ ಹೊಸ ಶಾಲೆ. ಎರಡನೇ ಶಾಲೆಯ ಮೊದಲ ದಿನ ಅವಳು ನನ್ನ ಕೋಟಿನ ತೋಳು ಬಿಡಲೇ ಇಲ್ಲ. ನಿಮ್ಮ ಯಜಮಾನರು ಈಗಲೇ ಎಚ್‌ಆರ್‌ಗೆ ಹೇಳಲಿ: ತಾತ್ಕಾಲಿಕ ಮನೆ ಕೊಡುವುದಾದರೆ ನಾವು ನೆಲೆಸಬೇಕೆಂದಿರುವ ಊರಿನಲ್ಲೇ ಕೊಡಿ. ಆಗದಿದ್ದರೆ ಅವರು ಮುಂದೆ ಹೋಗಿ ಮನೆ ಹುಡುಕಲಿ, ನೀವು ಮಕ್ಕಳೊಂದಿಗೆ ಕೆಲವು ವಾರ ತಡವಾಗಿ ಹೊರಡಿ.

ಊರುಗಳ ವಿಚಾರದಲ್ಲಿ ನಿಮಗೆ ಅನುಕೂಲವೇ ಇದೆ. ಬೋಬ್ಲಿಂಗನ್, ಸಿಂಡೆಲ್‌ಫಿಂಗನ್, ರೆನ್ನಿಂಗನ್ ಮೂರೂ ಎಸ್60 ಲೋಕಲ್ ರೈಲಿನ ದಾರಿಯಲ್ಲಿವೆ. ಲಿಯೊನ್‌ಬರ್ಗ್ ಎಸ್6 ದಾರಿಯಲ್ಲಿದೆ. ನಿಮ್ಮ ಯಜಮಾನರು ಎಲ್ಲಿಂದ ಬೇಕಾದರೂ ಕಚೇರಿಗೆ ಹೋಗಿಬರಬಹುದು, ಆದ್ದರಿಂದ ಕಚೇರಿಯ ದೂರವನ್ನು ಕೊನೆಗೆ ನೋಡಿ. ನಾನಾಗಿದ್ದರೆ ಸ್ಟುಟ್‌ಗಾರ್ಟ್ ನಗರವನ್ನು ಬಿಟ್ಟು ಬೋಬ್ಲಿಂಗನ್ ಅಥವಾ ಸಿಂಡೆಲ್‌ಫಿಂಗನ್‌ನಲ್ಲಿ ಸಿದ್ಧತಾ ತರಗತಿ ಇರುವ ಶಾಲೆಯ ಸುತ್ತ ಮನೆ ಹುಡುಕುತ್ತಿದ್ದೆ. ಶಾಲೆಗೆ ನಡೆದೇ ಹೋಗುವಂತಿರಬೇಕು. ಇಲ್ಲಿ ಒಂದನೇ ತರಗತಿಯ ಮಕ್ಕಳೇ ಗುಂಪಾಗಿ ತಾವೇ ನಡೆದು ಹೋಗುತ್ತಾರೆ, ಗೆಳೆತನ ಬೆಳೆಯುವುದು ಆ ದಾರಿಯಲ್ಲೇ. ಕಾರಿನಲ್ಲಿ ಬಂದಿಳಿಯುವ ಮಗುವಿಗೆ ಅದು ತಪ್ಪುತ್ತದೆ.

ನಮ್ಮವರು ಹತ್ತಿರ ಇರಲಿ, ಖಂಡಿತ. ಜ್ವರ ಬಂದ ರಾತ್ರಿ, ಹಬ್ಬದ ದಿನ, ಮೊದಲ ನವೆಂಬರ್‌ನ ಕತ್ತಲಲ್ಲಿ ಕನ್ನಡದ ಒಂದು ದನಿ ದೊಡ್ಡ ಆಸರೆ. ಅದು ರೈಲಿನಲ್ಲಿ ಎರಡು ನಿಲ್ದಾಣ ದೂರವಿದ್ದರೂ ಸಾಕು. ಒಂದೇ ಕಟ್ಟಡದಲ್ಲಿ ನಾಲ್ಕು ಭಾರತೀಯ ಮನೆಗಳಿದ್ದರೆ ಮಕ್ಕಳು ಸಂಜೆಯೆಲ್ಲ ಇಂಗ್ಲಿಷ್‌ನಲ್ಲೇ ಆಡುತ್ತಾರೆ. ಜರ್ಮನ್ ಬರುವುದಿಲ್ಲ, ಕನ್ನಡ ಉಳಿಯುವುದಿಲ್ಲ. ಮನೆಯೊಳಗೆ ನೀವು ಕನ್ನಡವನ್ನೇ ಆಡಿ.

ಇಂಟರ್‌ನ್ಯಾಷನಲ್ ಶಾಲೆಯ ಬಗ್ಗೆ ನಿಮ್ಮ ಅಣ್ಣ ಹೇಳಿದ್ದು ಒಂದು ಸಂದರ್ಭದಲ್ಲಿ ಸರಿ: ಎರಡು-ಮೂರು ವರ್ಷಕ್ಕೆ ವಾಪಸ್ ಬರುವುದು ಖಚಿತವಾಗಿದ್ದು, ಶುಲ್ಕವನ್ನು ಕಂಪನಿಯೇ ಕಟ್ಟುವುದಾದರೆ. ಕೈಯಿಂದ ಕಟ್ಟುವುದಾದರೆ ಒಂದು ಮಗುವಿಗೆ ವರ್ಷಕ್ಕೆ 20,000 ಯೂರೊ ಆಸುಪಾಸಿನ ಮಾತು. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ‘ಮುಂದುವರಿಯಲೂಬಹುದು’ ಎಂದು ನೀವೇ ಬರೆದಿದ್ದೀರಿ, ಹಾಗಾದರೆ ಸರ್ಕಾರಿ ಶಾಲೆಯೇ ಮೇಲು.

ಮಗನ ಬಗ್ಗೆ ನನಗೆ ಚಿಂತೆಯಿಲ್ಲ. ಜೂನ್ 30ರೊಳಗೆ ಆರು ತುಂಬಿದ ಮಕ್ಕಳು ಒಂದನೇ ತರಗತಿಗೆ ಹೋಗುತ್ತಾರೆ, ಅವನ ಸರದಿ ಮುಂದಿನ ವರ್ಷ. ಅಲ್ಲಿಯವರೆಗೆ ಕಿಂಡರ್‌ಗಾರ್ಟನ್‌ನಲ್ಲಿ ಆಡುತ್ತಾ ಭಾಷೆ ಕಲಿಯುತ್ತಾನೆ. ಕಷ್ಟವೆಂದರೆ ಸೀಟು ಸಿಗುವುದು. ಅರ್ಜಿ ಊರಿನ ಆಡಳಿತಕ್ಕೆ ಹೋಗುವುದರಿಂದ ಅಲ್ಲೂ ವಿಳಾಸವೇ ಮುಖ್ಯ. ಶಾಲೆಗಳು ಸಾಮಾನ್ಯವಾಗಿ ಮಧ್ಯಾಹ್ನಕ್ಕೇ ಬಿಡುತ್ತವೆ. 2026ರ ಆಗಸ್ಟ್‌ನಿಂದ ಒಂದನೇ ತರಗತಿ ಸೇರುವ ಮಕ್ಕಳಿಗೆ ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಕಾನೂನಿನ ಹಕ್ಕು. ಮಗನಿಗೆ ಅದು ಸಿಗುತ್ತದೆ, ಮಗಳಿಗೆ ಅನ್ವಯಿಸುವುದಿಲ್ಲ. ನೀವು ಕೆಲಸಕ್ಕೆ ಹೋಗಬೇಕೆಂದಿದ್ದರೆ ಅವಳ ಮಧ್ಯಾಹ್ನದ ವ್ಯವಸ್ಥೆಯನ್ನೂ ಶಾಲೆಯಲ್ಲಿ ವಿಚಾರಿಸಿ.

ಬಾಡಿಗೆ ಮನೆಗೆ ಮುಂಗಡ ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಜಾಹೀರಾತಿನಲ್ಲಿ ‘ಇಬಿಕೆ’ (EBK), ಅಂದರೆ ಅಡುಗೆಮನೆ ಅಳವಡಿಸಿ ಕೊಡುತ್ತಾರೆ ಎಂದಿದೆಯೇ ನೋಡಿ. ಇಲ್ಲದಿದ್ದರೆ ಅಡುಗೆಮನೆಯಲ್ಲಿ ಸಿಂಕು, ಒಲೆ, ಕಪಾಟು ಏನೂ ಇರದಿರಬಹುದು. ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು.

ಒಂದು ಅವಸರದ ಮಾತು: ಇಲ್ಲಿ ಬೇಸಿಗೆ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ವರೆಗೂ ಇರುತ್ತದೆ. ನೀವು ಬಂದಿಳಿಯುವ ಆಗಸ್ಟ್‌ನಲ್ಲಿ ಶಾಲೆಯಲ್ಲಿ ಫೋನ್ ಎತ್ತುವವರೂ ಸಿಗದಿರಬಹುದು. ಆದ್ದರಿಂದ ಜುಲೈ ಮಧ್ಯದೊಳಗೆ ಆ ಊರುಗಳ ಶಾಲಾ ಇಲಾಖೆಗೆ ಬರೆಯಿರಿ, ಮಕ್ಕಳ ಜನನ ಪ್ರಮಾಣಪತ್ರ, ಅಂಕಪಟ್ಟಿ, ದಡಾರದ ಲಸಿಕೆ ದಾಖಲೆ ಸಿದ್ಧವಿಟ್ಟುಕೊಳ್ಳಿ. ದಡಾರ ಲಸಿಕೆಯ ದಾಖಲೆಯನ್ನು ಕಿಂಡರ್‌ಗಾರ್ಟನ್, ಶಾಲೆ ಎರಡೂ ಕಡೆ ಕೇಳುತ್ತಾರೆ.

ಮಗಳಿಗೆ ನಿಜವನ್ನೇ ಹೇಳಿ: ಫ್ರೆಂಡ್ಸ್ ಸಿಗ್ತಾರೆ, ಆದರೆ ಮೊದಲ ದಿನವೇ ಅಲ್ಲ. ಅವಳಿಗೆ ಓಟವೋ ಈಜೋ ಡಾನ್ಸೋ ಏನಿಷ್ಟ ಎಂದು ಕೇಳಿಕೊಂಡು ಬನ್ನಿ. ಇಲ್ಲಿ ಸಣ್ಣ ಊರಿಗೂ ಫೆರೈನ್ ಎಂಬ ಕ್ರೀಡಾ ಸಂಘವಿರುತ್ತದೆ, ಶುಲ್ಕ ಕೈಗೆಟುಕುವಷ್ಟು. ಶಾಲೆ ಶುರುವಾದ ವಾರವೇ ಅಲ್ಲಿಗೂ ಸೇರಿಸಿ. ಚೆಂಡು ಎಸೆಯುವುದಕ್ಕೆ, ಹಿಡಿಯುವುದಕ್ಕೆ ಅವಳಿಗೆ ಜರ್ಮನ್ ಬೇಕಾಗುವುದಿಲ್ಲ.