ವನವಾಸದಲ್ಲಿ ಭೀಮ ಏಕೆ ಸೌಟು ಹಿಡಿಯಲಿಲ್ಲ?

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಗಂಡುಮಕ್ಕಳಿಗೂ ಅಡುಗೆ ಕಲಿಸಿ ಎಂದು ಬರೆದಿದ್ದೀರಿ. ಓದಿ ನಗು ಬಂತು. ಅಡುಗೆಯ ಕೈಗುಣ ಹೆಣ್ಣಿಗೆ ಹುಟ್ಟಿನಿಂದಲೇ ಬರುವಂಥದ್ದು. ಈಗಿನ ಹುಡುಗಿಯರು ಅದನ್ನೂ ಕಳೆದುಕೊಳ್ಳುತ್ತಿದ್ದಾರೆ. ನನ್ನ ಮೊಮ್ಮಗಳಿಗೆ ಒಂದು ಸಾರು ಮಾಡಲು ಬರುವುದಿಲ್ಲ. ಇನ್ನು ನೂರಾರು ಜನರ ಅಡುಗೆ ಎಂದರೆ ಅದು ಗಂಡಸರದೇ. ನಳ, ಭೀಮರಿಂದ ಹಿಡಿದು ಇವತ್ತಿನ ಮದುವೆಮನೆ ಭಟ್ಟರವರೆಗೆ ನೋಡಿ. ಮನೆಯ ಒಲೆ ಅವರಿಗೆ, ಹೊರಗಿನ ಒಲೆ ಇವರಿಗೆ. ಪ್ರಕೃತಿಯೇ ಮಾಡಿದ ಹಂಚಿಕೆ ಇದು, ಅಲ್ಲವೇ?’ – ನಿವೃತ್ತ ಅಧ್ಯಾಪಕರು, ಸಾಗರ ತಾಲ್ಲೂಕು.

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಈಗ ಯಾರು ಇಷ್ಟು ಚೆನ್ನಾಗಿ ಕೈಯಲ್ಲಿ ಬರೆಯುತ್ತಾರೆ! ಆದರೆ ಪತ್ರದ ಒಳಗೆ ನಿಮ್ಮ ಮಾತನ್ನು ನೀವೇ ಹೊಡೆದುಹಾಕಿದ್ದೀರಿ. ಕೈಗುಣ ಹುಟ್ಟಿನಿಂದಲೇ ಬರುವುದಾದರೆ ನಿಮ್ಮ ಮೊಮ್ಮಗಳಿಗೆ ಸಾರು ಏಕೆ ಬರುವುದಿಲ್ಲ? ಅವಳೂ ಹೆಣ್ಣಾಗಿಯೇ ಹುಟ್ಟಿದವಳು ತಾನೆ?

ಮೊದಲು ನಿಮ್ಮ ಕಡೆಯ ಮಾತು ಒಂದಿಷ್ಟು ಒಪ್ಪಿಕೊಳ್ಳುತ್ತೇನೆ. ದೊಡ್ಡ ಅಡುಗೆ ಸುಲಭವಲ್ಲ. ಸಾವಿರ ಎಲೆಯ ಊಟಕ್ಕೆ ಹುಳಿ ಕುದಿಸುವ ಭಟ್ಟರು ರುಚಿ ನೋಡದೆಯೇ ಉಪ್ಪಿನ ಹದ ಹೇಳುತ್ತಾರೆ. ಸೌಟು ನಾಲಿಗೆಗೆ ತಾಗಿಸುವ ಹಾಗಿಲ್ಲ, ಮಡಿ. ಜಿಲೇಬಿಯ ಪಾಕ ಒಂದೆಳೆಗೆ ನಿಂತಿತೋ ಎರಡೆಳೆಗೆ ಹೋಯಿತೋ ಎಂದು ಬೆರಳಲ್ಲಿ ಹಿಡಿದು ಹೇಳುವವರ ಮುಂದೆ ನಾನು ಕೈಮುಗಿಯುತ್ತೇನೆ. ಆಯ್ತಲ್ಲ? ಈಗ ನನ್ನ ಸರದಿ.

ನಳನನ್ನು ಎಳೆದು ತಂದಿದ್ದೀರಿ. ನಳನಿಗೆ ಅಡುಗೆ ಬಂದದ್ದು ಹೇಗೆ? ಸ್ವಯಂವರದ ದಿನ ದೇವತೆಗಳು ಕೊಟ್ಟ ವರದಿಂದ. ಅಗ್ನಿ ಬೆಂಕಿ ಕೊಟ್ಟ, ವರುಣ ನೀರು ಕೊಟ್ಟ, ಯಮ ಅನ್ನದ ರುಚಿ ಕೊಟ್ಟ. ಈರುಳ್ಳಿ ಹೆಚ್ಚಿ ಕಣ್ಣೀರು ಹಾಕಿ ಕಲಿತದ್ದಲ್ಲ. ಮುಂದೆ ಅವನು ಬಾಹುಕನಾಗಿ ರೂಪ ಮರೆಸಿಕೊಂಡು ಬಂದಾಗ ಅವನನ್ನು ಹಿಡಿದದ್ದು ಯಾರು? ಅವನು ಬೇಯಿಸಿದ ಮಾಂಸವನ್ನು ದಾಸಿಯ ಕೈಯಲ್ಲಿ ತರಿಸಿ, ಒಂದು ತುಣುಕು ಬಾಯಿಗಿಟ್ಟು ‘ಇವನೇ’ ಎಂದವಳು ದಮಯಂತಿ. ಎಷ್ಟೋ ವರ್ಷದ ಹಿಂದೆ ಉಂಡ ರುಚಿಯನ್ನು ನಾಲಿಗೆಯಲ್ಲಿ ಇಟ್ಟುಕೊಂಡವಳು ಅವಳು. ನಾವು ಮಾತ್ರ ನಳಪಾಕ ನಳಪಾಕ ಎಂದು ಹೇಳಿಕೊಂಡು ಬಂದಿದ್ದೇವೆ.

ಭೀಮನ ಕಥೆ ಇನ್ನೂ ಚೆನ್ನಾಗಿದೆ. ವಿರಾಟನ ಅರಮನೆಯಲ್ಲಿ ಒಂದು ವರ್ಷ ವಲಲನಾಗಿ ಅವನು ಬಾಣಸಿಗನ ಕೆಲಸ ಮಾಡಿದ, ಸರಿ. ಅದಕ್ಕೆ ಮೊದಲು 12 ವರ್ಷ ಕಾಡಿನಲ್ಲಿದ್ದರಲ್ಲ, ಆಗ? ಆಗ ಅಕ್ಷಯಪಾತ್ರೆಯ ಜವಾಬ್ದಾರಿ ದ್ರೌಪದಿಯದು. ಬಂದವರೆಲ್ಲ ಉಂಡು ಮುಗಿದ ಮೇಲೆ ಅವಳ ಊಟ. ಅವಳು ಉಂಡು ಪಾತ್ರೆ ತೊಳೆದಿಟ್ಟ ಹೊತ್ತಿಗೆ ಸರಿಯಾಗಿ ದುರ್ವಾಸರು ಶಿಷ್ಯರ ಹಿಂಡು ಕಟ್ಟಿಕೊಂಡು ಬಂದರು. ಪೇಚಿಗೆ ಸಿಕ್ಕಿದವಳು ಅವಳು, ಕೃಷ್ಣನನ್ನು ಕೂಗಿ ಕರೆದವಳೂ ಅವಳೇ. ಅಷ್ಟು ದೊಡ್ಡ ಅಡುಗೆಯವನು ಮನೆಯಲ್ಲೇ ಇದ್ದನಲ್ಲ, ‘ಇರು ಪಾಂಚಾಲಿ, ನಾನು ಒಲೆ ಹಚ್ಚುತ್ತೇನೆ’ ಎಂದನೇ? ನಾನಂತೂ ಎಲ್ಲೂ ಓದಿಲ್ಲ. ಅರಮನೆಯ ನೌಕರಿ ಸಿಕ್ಕಿದ ದಿನ ಅವನ ವಿದ್ಯೆ ಹೊರಗೆ ಬಂತು!

ಸುಮ್ನೆ ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ದೊಡ್ಡಪ್ಪನೇ ಹಾಗಿದ್ದರು. ಮುಂಬೈಯ ಉಡುಪಿ ಹೋಟೆಲೊಂದರಲ್ಲಿ ಭಟ್ಟರು. ಆ ಕಾಲದ ಕರಾವಳಿಯ ಎಷ್ಟೋ ಹುಡುಗರ ಹಾಗೆ ಮೀಸೆ ಮೂಡುವ ಮೊದಲೇ ಹೊರಟವರು. ಮೊದಲು ಲೋಟ ತೊಳೆದರು, ಆಮೇಲೆ ಕಾಯಿ ತುರಿದರು, ರುಬ್ಬುವ ಕಲ್ಲಿನ ಮುಂದೆ ಕೂತರು, ಕೊನೆಗೆ ಒಲೆಯ ಮುಂದೆ ನಿಂತರು. ಬೈಗುಳ ತಿಂದು, ಕೈ ಸುಟ್ಟುಕೊಂಡು ಕಲಿತ ವಿದ್ಯೆ ಅದು. ಆದರೆ ಮಳೆಗಾಲದಲ್ಲಿ ಊರಿಗೆ ಬಂದರೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಕುಡಿದ ಕಾಫಿ ಲೋಟ ಕೂತಲ್ಲೇ ಉಳಿಯುತ್ತಿತ್ತು. ದೊಡ್ಡಮ್ಮನಿಗೆ ಜ್ವರ ಬಂದರೆ ಪಕ್ಕದ ಮನೆಯ ಅಕ್ಕ ಬಂದು ಗಂಜಿ ಬೇಯಿಸಬೇಕಿತ್ತು. ಐನೂರು ಜನರಿಗೆ ಅಡುಗೆ ಮಾಡುವ ಮನುಷ್ಯನಿಗೆ ಗಂಜಿ ಬರುವುದಿಲ್ಲವೇ? ಬರುತ್ತಿತ್ತು. ಮಾಡುತ್ತಿರಲಿಲ್ಲ, ಅಷ್ಟೇ. ಇದರಲ್ಲಿ ಪ್ರಕೃತಿ ಎಲ್ಲಿಂದ ಬಂತು ಮೇಷ್ಟ್ರೇ?

ಆ ದೊಡ್ಡಪ್ಪನೇ ದೊಡ್ಡಮ್ಮನ ಹುಳಿಗೆ ಸೋಲುತ್ತಿದ್ದರು ಅನ್ನುವುದೂ ನಿಜ. ಹೋಟೆಲ್ ಸಾಂಬಾರಿಗೆ ಲೆಕ್ಕ ಇದೆ. ಇಷ್ಟು ಬೇಳೆ, ಇಷ್ಟು ಪುಡಿ, ಇಷ್ಟು ನೀರು. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರಬೇಕು, ಇಲ್ಲದಿದ್ದರೆ ಗಿರಾಕಿ ಕೇಳುತ್ತಾನೆ. ದೊಡ್ಡಮ್ಮನಿಗೆ ಆ ಭಾಗ್ಯ ಇರಲಿಲ್ಲ. ಹಿತ್ತಲಲ್ಲಿ ಇವತ್ತು ಏನಿದೆಯೋ ಅದೇ ಅಡುಗೆ. ಒಂದು ದಿನ ಕೆಸು, ಒಂದು ದಿನ ಬಾಳೆದಿಂಡು, ಇನ್ನೊಂದು ದಿನ ಹಲಸಿನ ಬೀಜ. ಮಾವನಿಗೆ ಖಾರ ಆಗದು, ಮೈದುನನಿಗೆ ಸಪ್ಪೆ ಆಗದು. ಎಳೆ ಮಗುವಿಗೆ ಬೇರೆ, ಬಾಣಂತಿಗೆ ಬೇರೆ. ಊಟದ ಹೊತ್ತಿಗೆ ಯಾರೋ ನಾಲ್ಕು ಜನ ನೆಂಟರು ಅಂಗಳದಲ್ಲಿ ಚಪ್ಪಲಿ ಬಿಟ್ಟರೆ ಅದೇ ಹುಳಿ ಅವರಿಗೂ ಸಾಕಾಗಬೇಕು, ನೀರಾಗಬಾರದು. ಮುಗಿದ ಮೇಲೆ ಉಳಿದದ್ದು ಹಳಸಬಾರದು. ಜತೆಗೆ ಸಹಾಯಕ್ಕೆ ಒಬ್ಬ ಹುಡುಗನೂ ಇಲ್ಲ. ಇದರಲ್ಲಿ ಯಾವುದು ಕಷ್ಟದ ಅಡುಗೆ, ನೀವೇ ಹೇಳಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕಾದ್ದೇ, ನನಗೂ ರವೆ ಇಡ್ಲಿ ಇಷ್ಟ. ಆದರೆ ಕಲ್ಲಂಗಡಿ ಸಿಪ್ಪೆಯ ಬಿಳಿ ತಿರುಳನ್ನು ತುರಿದು ದೋಸೆ ಹೊಯ್ದವಳು ಯಾರು? ಹೀರೆಕಾಯಿ ಹೆರೆದ ಸಿಪ್ಪೆಯನ್ನು ಬಿಸಾಡದೆ ಹುರಿದು ಚಟ್ನಿ ಮಾಡಿದವಳು ಯಾರು? ನಿಮ್ಮ ಸಾಗರದ ಕಡೆಯೇ ತಗೊಳ್ಳಿ. ಬೋರಲು ಹಾಕಿದ ಮಡಕೆಯ ಮೇಲೆ, ಕಬ್ಬಿನ ಹಾಲು ಅಕ್ಕಿಹಿಟ್ಟಿನ ಸಂಪಣವನ್ನು ಬಟ್ಟೆಯಲ್ಲಿ ಅದ್ದಿ ಒಂದೇ ಸಲಕ್ಕೆ ಎಳೆದು, ಕಾಗದಕ್ಕಿಂತ ತೆಳ್ಳಗೆ ತೊಡೆದೇವು ಎಂಬ ಸಿಹಿತಿಂಡಿ ಎಬ್ಬಿಸುತ್ತಾರಲ್ಲ, ಆ ಕೈ ಯಾರದು? ಅದನ್ನು ಪೇಟೆಯ ಹೋಟೆಲಿನ ಯಾವುದಾದರೂ ಮಾಸ್ಟರ್ ಮಾಡಿ ತೋರಿಸಲಿ, ನಾನು ನಿಮ್ಮ ಪತ್ರಕ್ಕೆ ಸಹಿ ಹಾಕುತ್ತೇನೆ.

ಈಗ ದೊಡ್ಡ ಅಡುಗೆಗೆ ಬರೋಣ. ‘ನೂರಾರು ಜನರ ಅಡುಗೆ ಎಂದರೆ ಅದು ಗಂಡಸರದೇ’ ಎಂದಿದ್ದೀರಿ. ನೀವು ಶಾಲೆಯಲ್ಲಿ ಕೆಲಸ ಮಾಡಿದವರು. ಬಿಸಿಯೂಟದ ಕೋಣೆ ನಿಮ್ಮ ತರಗತಿಯಿಂದ ಎಷ್ಟು ದೂರ ಇತ್ತು? ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟದ್ದು 2001ರಲ್ಲಿ. ಅಲ್ಲಿಂದ ದೇಶದ ಶಾಲೆಗಳ ಒಲೆ ಉರಿಸುತ್ತಿರುವವರಲ್ಲಿ ಬಹುಪಾಲು ಹೆಂಗಸರೇ. ಪ್ರಾಥಮಿಕ ಶಾಲೆಯ ಒಂದು ಮಗುವಿಗೆ 100 ಗ್ರಾಂ ಅಕ್ಕಿ, ಅದಕ್ಕೂ ಮೇಲಿನ ತರಗತಿಯವರಿಗೆ 150 ಗ್ರಾಂ. ಇನ್ನೂರು ಚಿಕ್ಕ ಮಕ್ಕಳ ಶಾಲೆ ಎಂದರೆ ದಿನಕ್ಕೆ 20 ಕಿಲೋ ಅಕ್ಕಿ. ಬೆಂದ ಮೇಲೆ ಆ ಪಾತ್ರೆಯ ತೂಕ ಎಷ್ಟಾಗುತ್ತದೆ ಲೆಕ್ಕ ಹಾಕಿ, ನೀವು ಗಣಿತದ ಮೇಷ್ಟ್ರೋ ಏನೋ. ಜತೆಗೆ ಸಾಂಬಾರು, ಹಾಲು. 25 ಮಕ್ಕಳವರೆಗೆ ಒಬ್ಬರು ಅಡುಗೆಯವರು, ನೂರರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಒಬ್ಬರು ಜಾಸ್ತಿ. ಇದು ಸರ್ಕಾರದ ಲೆಕ್ಕ. ಅಂದರೆ ಇನ್ನೂರು ಮಕ್ಕಳಿಗೆ ಮೂವರು. ಮದುವೆಮನೆಯಲ್ಲಿ ಇನ್ನೂರು ಜನರ ಊಟಕ್ಕೆ ಮೂವರು ಸಾಕು ಎಂದು ಯಾವ ಭಟ್ಟರಿಗಾದರೂ ಹೇಳಿ ನೋಡಿ, ಅಡ್ವಾನ್ಸ್ ವಾಪಸ್ ಕೊಟ್ಟು ಹೋಗುತ್ತಾರೆ.

ಇದಕ್ಕೆ ಕೇಂದ್ರ ಸರ್ಕಾರ 2009ರಲ್ಲಿ ನಿಗದಿ ಮಾಡಿದ ಗೌರವಧನ ತಿಂಗಳಿಗೆ 1000 ರೂಪಾಯಿ. ಅದೂ ವರ್ಷಕ್ಕೆ ಹತ್ತೇ ತಿಂಗಳು. ರಾಜ್ಯಗಳು ಮೇಲಿಂದ ತಮ್ಮ ಪಾಲು ಸೇರಿಸುತ್ತವೆ, ನಮ್ಮ ರಾಜ್ಯವೂ ಸೇರಿಸುತ್ತದೆ. ಆದರೂ ಆ ತಾಯಂದಿರು ಬೆಂಗಳೂರಿಗೆ ಬಂದು ಬಿಸಿಲಲ್ಲಿ ಕೂತು ಮತ್ತೆ ಮತ್ತೆ ಕೇಳಬೇಕಾಗಿದೆ. ಕೊಪ್ಪರಿಗೆ ಎತ್ತುವ ಶಕ್ತಿ ಅವರಿಗಿದೆ ಮೇಷ್ಟ್ರೇ. ದುಡ್ಡು ಹೆಚ್ಚಿದ್ದ ಕಡೆ ಕೊಪ್ಪರಿಗೆ ಗಂಡಸರದು, ದುಡ್ಡು ಇಲ್ಲದ ಕಡೆ ಹೆಂಗಸರದು. ನನಗೆ ಕಾಣುವ ಹಂಚಿಕೆ ಇದು.

ಹಾಗಾದರೆ ಹೋಟೆಲ್, ಮದುವೆಮನೆಗಳಲ್ಲಿ ಹೆಂಗಸರು ಏಕಿಲ್ಲ? ಅದಕ್ಕೆ ಕಾರಣ ಹುಡುಕಲು ಪ್ರಕೃತಿಯವರೆಗೆ ಹೋಗಬೇಕಾಗಿಲ್ಲ. ಒಂದು ಮಡಿ. ತಿಂಗಳ ಮೂರು ದಿನ ಒಳಗೆ ಬರಬಾರದು ಎಂದ ಮೇಲೆ ಯಾವ ಭಟ್ಟರು ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡಾರು? ಇನ್ನೊಂದು ಕಾನೂನು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರಾತ್ರಿ ಹೊತ್ತು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಹೇಳಿತು. ಕಾಳಜಿಯಿಂದಲೇ ಹೇಳಿತು, ಇರಲಿ. ಆದರೆ ಹೋಟೆಲಿನ ಒಲೆ ಹೊತ್ತುವುದು ಬೆಳಗಿನ ಜಾವ ನಾಲ್ಕಕ್ಕೆ, ಆರುವುದು ರಾತ್ರಿ ಹನ್ನೊಂದಕ್ಕೆ. ಒಪ್ಪಿಗೆ ಇದ್ದರೆ, ಸಾರಿಗೆ ಸುರಕ್ಷತೆ ಕೊಟ್ಟರೆ ರಾತ್ರಿ ಕೆಲಸ ಮಾಡಬಹುದು ಎಂದು ಆ ಕಾಯ್ದೆಗೆ ತಿದ್ದುಪಡಿ ಬಂದದ್ದು 2020ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು. ಬಾಗಿಲು ಹಾಕಿಟ್ಟು, ‘ನೋಡಿ, ಒಳಗೆ ಒಬ್ಬಳೂ ಇಲ್ಲ’ ಎಂದರೆ ಹೇಗೆ?

ಬಾಗಿಲು ತಮ್ಮದೇ ಆದಲ್ಲೆಲ್ಲ ಹೆಂಗಸರು ಗೆದ್ದಿದ್ದಾರೆ. ಹುಬ್ಬಳ್ಳಿ, ಧಾರವಾಡ, ವಿಜಯಪುರದ ಖಾನಾವಳಿಗಳಿಗೆ ಹೋಗಿ ಕೂತು ನೋಡಿ. ಜೋಳದ ರೊಟ್ಟಿ ಬಡಿಯುವ ಆ ಸದ್ದಿಗೆ ನಿಮ್ಮ ಹಸಿವು ಎರಡರಷ್ಟಾಗುತ್ತದೆ. ದೂರದ ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲೂ ಹೀಗೆಯೇ ಆಯಿತು. ಶ್ರೀಮಂತರ ಮನೆಗಳಲ್ಲಿ ಅಡುಗೆಗಿದ್ದ ಹೆಂಗಸರು ಹೊರಗೆ ಬಂದು ತಮ್ಮದೇ ಊಟದ ಮನೆ ತೆರೆದರು. ಅವರಲ್ಲಿ ಒಬ್ಬಳು ಯೂಜೆನಿ ಬ್ರಾಜಿಯೆ, ಬಡ ರೈತರ ಮಗಳು. 1921ರಲ್ಲಿ ಹೋಟೆಲ್ ಶುರು ಮಾಡಿದಳು. 1933ರಲ್ಲಿ ಅವಳ ಎರಡು ಹೋಟೆಲುಗಳಿಗೆ, ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಕೈಪಿಡಿಯ ಮೂರು ಮೂರು ನಕ್ಷತ್ರ ಬಂತು. ಒಟ್ಟು ಆರು. ಅವಳಿಗಿಂತ ಮೊದಲು ಗಂಡಾಗಲಿ ಹೆಣ್ಣಾಗಲಿ ಯಾರೂ ಅಷ್ಟು ಪಡೆದಿರಲಿಲ್ಲ. ಅವಳ ಅಡುಗೆಮನೆಯಲ್ಲಿ ಪಳಗಿದ ಹುಡುಗ ಪಾಲ್ ಬೊಕ್ಯೂಸ್ ಮುಂದೆ ಜಗತ್ಪ್ರಸಿದ್ಧ ಶೆಫ್ ಆದ. ಅವನ ಹೆಸರು ಎಲ್ಲರಿಗೂ ಗೊತ್ತು, ಗುರುವಿನ ಹೆಸರು ಹುಡುಕಿಕೊಂಡು ಓದಬೇಕು.

ನಿಮ್ಮ ಮೊಮ್ಮಗಳ ಬಗ್ಗೆ ಚಿಂತೆ ಬೇಡ. ಜರ್ಮನಿಗೋ ಅಮೆರಿಕಕ್ಕೋ ಓದಲು ಹೋದ ನಮ್ಮ ಹುಡುಗರು, ಇಲ್ಲಿ ಹಾಲು ಉಕ್ಕಿದರೆ ‘ಅಮ್ಮಾ’ ಎಂದು ಕೂಗುತ್ತಿದ್ದವರು, ಅಲ್ಲಿಗೆ ಹೋದ ಸ್ವಲ್ಪ ದಿನಕ್ಕೆ ಬಿಸಿಬೇಳೆಬಾತ್ ಮಾಡಿ ಫೋಟೋ ಕಳಿಸುತ್ತಾರೆ. ಹಸಿವು ಯಾರಿಗೂ ಕಲಿಸುತ್ತದೆ. ನನಗೆ ಸಿಟ್ಟು ಬರುವುದು ಅವರು ವಾಪಸ್ ಬಂದ ಮೇಲೆ. ವಿಮಾನ ಇಳಿದ ಕೂಡಲೇ ಎಲ್ಲ ಮರೆತು ಸೋಫಾದ ಮೇಲೆ ಕೂತುಬಿಡುತ್ತಾರೆ. ಕಲಿತದ್ದು ಎಲ್ಲಿ ಹೋಯಿತು, ಕಸ್ಟಮ್ಸ್‌ನವರು ಇಟ್ಟುಕೊಂಡರೇ?

ಈ ದೇಶದ ಗಂಡಸರು ದಿನದಲ್ಲಿ ಏನು ಮಾಡುತ್ತಾರೆ ಎಂದು ಸರ್ಕಾರವೇ ಕೇಳಿ ಬರೆದಿಟ್ಟಿದೆ. 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಯ ಸಂಬಳವಿಲ್ಲದ ಕೆಲಸಕ್ಕೆ ಕೈಹಾಕಿದ ಹೆಂಗಸರು ನೂರಕ್ಕೆ 81. ಗಂಡಸರು ನೂರಕ್ಕೆ 26. ಹಾಗೆ ಕೈಹಾಕಿದವರಲ್ಲೂ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97. ಬರೀ ಅಡುಗೆಯಲ್ಲ, ಗುಡಿಸುವುದು ಒಗೆಯುವುದು ಎಲ್ಲ ಸೇರಿ. ಸುಮಾರು ಐದು ಗಂಟೆ! ಅರ್ಧ ದಿನದ ನೌಕರಿ. ಇದಕ್ಕೆ ರಜೆಯಿಲ್ಲ, ಬಡ್ತಿಯಿಲ್ಲ, ನಿಮ್ಮ ಹಾಗೆ ಪಿಂಚಣಿಯೂ ಇಲ್ಲ. ಭಾನುವಾರ ಬಿರಿಯಾನಿ ಮಾಡಿ, ಅಡುಗೆಮನೆಯ ಅಷ್ಟೂ ಪಾತ್ರೆ ಸಿಂಕಿಗೆ ಹಾಕಿ, ಹೊಗಳಿಕೆಗೆ ಕಾಯುವ ಗಂಡಂದಿರೂ ಆ 97 ನಿಮಿಷದ ಲೆಕ್ಕದಲ್ಲಿ ಸೇರಿರಬೇಕು.

ನಿಮಗೆ ಹೇಳುವುದು ಇಷ್ಟೇ. ಸಾರು ನೀವೇ ಕಲಿಯಿರಿ, ಮೊಮ್ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನಿಮ್ಮ ಮನೆಯವರು ಕುರ್ಚಿ ಹಾಕಿ ಕೂತು ಹೇಳಿಕೊಡಲಿ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಪಾಠ ಕೇಳುವುದು ಬೇಸರ ಅನ್ನಿಸಬಾರದು.

ಉಳಿದದ್ದು ಹೋಟೆಲ್ ನಡೆಸುವ ಓದುಗರಿಗೆ. ಕಾನೂನು ಬದಲಾಗಿ ವರ್ಷಗಳಾದವು. ನಿಮ್ಮಲ್ಲಿ ಹೆಂಗಸರಿದ್ದಾರೆ, ಗೊತ್ತು. ಹಿಂದಿನ ಬಾಗಿಲ ಹತ್ತಿರ ತರಕಾರಿ ಹೆಚ್ಚುತ್ತಾ, ತಟ್ಟೆ ತೊಳೆಯುತ್ತಾ ಇದ್ದಾರೆ. ಒಲೆಯ ಮುಂದೆ ಒಬ್ಬಳಾದರೂ ನಿಂತಿದ್ದಾಳೆಯೇ? ಪಕ್ಕದ ಮಾಸ್ಟರ್‌ಗೆ ಕೊಡುವಷ್ಟೇ ಸಂಬಳ ಅವಳಿಗೂ ಇದೆಯೇ? ಅವಳು ಬಟ್ಟೆ ಬದಲಿಸಲು ಒಂದು ಕೋಣೆ, ಹೋಗಿಬರಲು ಒಂದು ಶೌಚಾಲಯ ಇದೆಯೇ? ಇದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ.